ಗೇರ್ ಬಾಕ್ಸಿನಿಂದ ಗುಂಯ್ ಅನ್ನೋ ಸದ್ದು: ಇಂಜಿನ್ ಇಳಿಸೋ ಮುಂಚೆ ಏನೇನು ನೋಡಬೇಕು?

ಹದಡಿ ರೋಡ್ ಸವಾರ, ದಾವಣಗೆರೆ

150 ಸಿಸಿ ಗಾಡಿ, ಐದು ಗೇರು, 48 ಸಾವಿರ ಕಿ.ಮೀ. ಓಡಿದೆ. ವೇಗ 40 ದಾಟಿದರೆ ಕಾಲಿನ ಹತ್ತಿರದಿಂದ ಗುಂಯ್ ಅಂತ ಒಂದೇ ಸಮನೆ ಸದ್ದು ಬರುತ್ತೆ. ವೇಗ ಏರಿದ ಹಾಗೆ ಸದ್ದೂ ಏರುತ್ತೆ, 60ರ ಹೊತ್ತಿಗೆ ಫುಟ್‌ರೆಸ್ಟಿನಲ್ಲಿ ಅದುರು ಗೊತ್ತಾಗುತ್ತೆ. ಗೇರ್ ಸಲೀಸಾಗಿ ಬೀಳುತ್ತೆ, ಜಾರಲ್ಲ. ಆಯಿಲ್ ಹೊಸದು, 20ಡಬ್ಲ್ಯು-50, ಮೇಲಿನ ಗೆರೆವರೆಗೆ ಇದೆ. ಆಯಿಲ್ ಬದಲಿಸಿದ ಮೇಲೂ ಸದ್ದು ಒಂಚೂರೂ ಕಮ್ಮಿ ಆಗಿಲ್ಲ.

ಊರಿನ ಒಂದು ಗ್ಯಾರೇಜಿನಲ್ಲಿ ಒಂದು ರೌಂಡ್ ಹೋಗಿಬಂದು, ಗೇರ್ ಸೆಟ್ ಪೂರ್ತಿ ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಬೇರೆ ಏನನ್ನೂ ಬಿಚ್ಚಿ ನೋಡಲಿಲ್ಲ. ಇದು ಚನ್ನಗಿರಿ ಕಡೆ ತೋಟಕ್ಕೆ ಇಬ್ಬರು ಕೂತು, ಗೊಬ್ಬರದ ಚೀಲ ಕಟ್ಟಿಕೊಂಡು ಓಡಾಡೋ ಗಾಡಿ. ಇಂಜಿನ್ ಬಿಚ್ಚೋ ಮುಂಚೆ ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು? ತಿಳಿದವರು ಹೇಳಿ.

ದುರ್ಗದ ಗೇರ್, ಚಿತ್ರದುರ್ಗ

ಸರ್, ಐದೂ ಜೋಡಿ ಗೇರ್ ಒಟ್ಟಿಗೆ ಹಾಳಾಗೋದು ತೀರಾ ಅಪರೂಪ. ಹೋದರೆ ಸಾಮಾನ್ಯವಾಗಿ ಒಂದು ಜೋಡಿ ಹೋಗಿರುತ್ತೆ, ಸದ್ದೂ ಆ ಒಂದು ಗೇರಿನಲ್ಲೇ ಜೋರಾಗಿರುತ್ತೆ. ನೀವು ಯಾವ ಗೇರಲ್ಲಿ ಅಂತ ಬರೆದಿಲ್ಲ. ಅದೇ ಮುಖ್ಯ.

ಒಳಗೆ ಎರಡು ಶಾಫ್ಟ್ ಇವೆ. ಕ್ಲಚ್ ಕೂತಿರೋದು ಇನ್‌ಪುಟ್ ಶಾಫ್ಟ್ ಮೇಲೆ, ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಕೂತಿರೋದು ಔಟ್‌ಪುಟ್ ಶಾಫ್ಟ್ ಮೇಲೆ. ಎಲ್ಲಾ ಜೋಡಿ ಗೇರ್‌ಗಳೂ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ಭಾರ ಮಾತ್ರ ನೀವು ಹಾಕಿದ ಗೇರಿನ ಜೋಡಿ ಮೇಲೆ. ಸದ್ದು ಇಂಜಿನ್ ವೇಗದ ಜೊತೆ ಏರಿಳಿಯುತ್ತೋ, ಚಕ್ರದ ವೇಗದ ಜೊತೆ ಏರಿಳಿಯುತ್ತೋ ಅಂತ ತಿಳಿದುಕೊಂಡರೆ ಹುಡುಕೋ ಜಾಗ ಅರ್ಧಕ್ಕರ್ಧ ಕಮ್ಮಿ ಆಗುತ್ತೆ.

ಮೊದಲು ನಿಂತಲ್ಲೇ ನೋಡಿ. ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟು, 3000 ಆರ್‌ಪಿಎಂ ತನಕ ಏರಿಸಿ ಕಿವಿಗೊಡಿ. ಆಮೇಲೆ ಕ್ಲಚ್ ಪೂರ್ತಿ ಹಿಡಿಯಿರಿ. ಹಿಡಿದ ಕೂಡಲೇ ಸದ್ದು ಇಳಿದರೆ ಅನುಮಾನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ, ಯಾಕಂದ್ರೆ ಕ್ಲಚ್ ಹಿಡಿದಾಗ ಆ ಶಾಫ್ಟಿಗೆ ಇಂಜಿನ್ನಿನ ಎಳೆತ ತಪ್ಪುತ್ತೆ. ಹಿಡಿದರೂ ಸದ್ದು ಹಾಗೇ ಇದ್ದರೆ ಪ್ರೈಮರಿ ಗೇರ್ (ಕ್ರ್ಯಾಂಕ್‌ನಿಂದ ಕ್ಲಚ್‌ಗೆ ತಿರುವು ಕೊಡೋ ಗೇರ್), ಕ್ರ್ಯಾಂಕ್ ಬೇರಿಂಗ್, ಟೈಮಿಂಗ್ ಚೈನ್, ಆಯಿಲ್ ಪಂಪಿನ ಗೇರ್ ಕಡೆ ನೋಡಬೇಕು. ಕ್ಲಚ್ ಹಿಡಿದರೂ ಇವೆಲ್ಲ ತಿರುಗ್ತಾನೇ ಇರುತ್ತವೆ.

ಆಮೇಲೆ ರಸ್ತೆಗೆ ಬನ್ನಿ. ಖಾಲಿಯಾದ ಸಮತಟ್ಟು ರಸ್ತೆ ಬೇಕು, ಹೆದ್ದಾರಿ 48ರ ಲಾರಿಗಳ ನಡುವೆ ಈ ಕೆಲಸ ಬೇಡ. ವೇಗ 50ರಲ್ಲೇ ಇಟ್ಟುಕೊಂಡು ಮೂರು, ನಾಲ್ಕು, ಐದು, ಹೀಗೆ ಗೇರ್ ಬದಲಿಸಿ. ಗೇರ್ ಬದಲಾದಾಗ ಇಂಜಿನ್ ವೇಗ ಬದಲಾಗುತ್ತೆ, ಚಕ್ರದ ವೇಗ ಅಷ್ಟೇ ಇರುತ್ತೆ. ಸದ್ದಿನ ಶ್ರುತಿ ಇಂಜಿನ್ ಜೊತೆ ಇಳಿದರೆ ತೊಂದರೆ ಇನ್‌ಪುಟ್ ಶಾಫ್ಟ್ ಅಥವಾ ಅದಕ್ಕೂ ಮುಂಚೆ. ಮೂರೂ ಗೇರಲ್ಲಿ ಶ್ರುತಿ ಒಂದೇ ಇದ್ದರೆ ಔಟ್‌ಪುಟ್ ಶಾಫ್ಟ್ ಅಥವಾ ಅದರಿಂದ ಆಚೆಗೆ. ಒಂದೇ ಗೇರಲ್ಲಿ ಬಂದರೆ ಆ ಜೋಡಿಯ ಹಲ್ಲು. ಅದರಲ್ಲೂ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬಂದರೆ ಹಲ್ಲಿನ ಎಳೆಯೋ ಮುಖ ಸವೆದಿದೆ, ಬಿಟ್ಟಾಗ ಮಾತ್ರ ಬಂದರೆ ಹಿಂದಿನ ಮುಖ. ಕೊನೆಗೆ 50ರಲ್ಲಿ ಕ್ಲಚ್ ಹಿಡಿದು ನ್ಯೂಟ್ರಲ್ ಮಾಡಿ, ಗಾಡಿ ತಾನಾಗಿ ಉರುಳಲಿ. ಆಗಲೂ ಸದ್ದು ಇದ್ದರೆ ಅದು ಚಕ್ರದ ಜೊತೆ ತಿರುಗೋ ಭಾಗದ್ದು. ಇಂಜಿನ್ ಐಡಲ್‌ನಲ್ಲೇ ಇರಲಿ, ಓಡುವಾಗ ಕೀ ಮುಟ್ಟಬೇಡಿ.

ಇನ್ನೊಂದು ಮಾತು. ಗೇರ್ ಬಾಕ್ಸಿನ ಹಲ್ಲುಗಳು ನೇರ ಕೊಯ್ದವು, ಓರೆ ಅಲ್ಲ, ಹಾಗಾಗಿ ಸಣ್ಣ ಸದ್ದು ಸಹಜ. ಕಾರು ರಿವರ್ಸ್ ಹೋಗುವಾಗ ಕೇಳೋ ಕುಂಯ್ ಸದ್ದು ಇದೇ ಜಾತಿ. ಹಳೇ ನಾಲ್ಕು ಗೇರಿನ ಬುಲೆಟ್‌ನಲ್ಲಿ ಟಾಪ್ ಗೇರ್ ನೇರ ಜೋಡಣೆ, ಹಲ್ಲಿನ ಮೂಲಕ ಭಾರ ಹಾಯೋದೇ ಇಲ್ಲ, ಅದಕ್ಕೇ ಟಾಪಲ್ಲಿ ಅದು ಮೌನ. ಅದನ್ನು ಓಡಿಸಿ ರೂಢಿ ಆದವರಿಗೆ ಈಗಿನ ಗಾಡಿಯ ಟಾಪ್ ಗೇರ್ ಸದ್ದೇ ದೋಷ ಅನ್ನಿಸುತ್ತೆ. ಆದರೆ ನಿಮ್ಮದರಲ್ಲಿ ಫುಟ್‌ರೆಸ್ಟಿಗೂ ಅದುರು ಬರ್ತಿದೆ ಅಂದಮೇಲೆ ಸಹಜ ಅಂತ ಬಿಡೋ ಹಾಗಿಲ್ಲ.

ಬೇರಿಂಗ್ ಅಂಗಡಿ, ಹರಿಹರ

ಮೇಲಿನ ಅಣ್ಣ ಹೇಳಿದ್ದು ಸರಿ ಐತಿ. ಅದಕ್ಕೆ ಚೈನ್ ಸೇರಿಸ್ರಿ. ಗೇರ್ ಬಾಕ್ಸ್ ಅಂತ ಬರೋ ಗಾಡಿಗಳಲ್ಲಿ ಚೈನಿನ ಸದ್ದೇ ಬಾಳ ಇರ್ತದ.

ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸ್ರಿ. ಪ್ರತಿ ಕಾಲು ಸುತ್ತಿಗೆ ಕೆಳಗಿನ ಚೈನ್ ನಡುಮಧ್ಯೆ ಎತ್ತಿ ಇಳಿಸಿ ಎಷ್ಟು ಆಡ್ತದ ಅಳೀರಿ. ಈ ಗಾತ್ರದ ಗಾಡಿಗೆ ಸಾಮಾನ್ಯವಾಗಿ 25ರಿಂದ 30 ಮಿ.ಮೀ. ಆಟ ಬೇಕು, ನಿಮ್ಮ ಗಾಡಿಯ ಪುಸ್ತಕದಾಗ ಬೇರೆ ಅಳತೆ ಇದ್ದರೆ ಅದೇ ಸರಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಬಂದರೆ ಚೈನ್ ಒಂದೇ ಸಮ ಸವೆದಿಲ್ಲ ಅಂತ ಅರ್ಥ. ಅಂಥ ಚೈನನ್ನ ಸಡಿಲ ಜಾಗ ನೋಡಿ ಟೈಟ್ ಮಾಡಿದರೆ ಬಿಗಿ ಜಾಗದಾಗ ಅದು ಶಾಫ್ಟನ್ನೇ ಎಳೀತದ.

ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ ಚೈನ್ ಕಳಚಿಬಿಡ್ರಿ. ಹಿಂದಿನ ಚಕ್ರ ತಿರುವಿ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಮೇಲೆ ಅಂಗೈ ಇಡ್ರಿ, ಗರಗರ ಅಂದರೆ ಚಕ್ರದ ಬೇರಿಂಗ್. ಆಮೇಲೆ ಮುಂದಿನ ಸ್ಪ್ರಾಕೆಟ್ ಹಿಡಿದು ಅಲುಗಾಡಿಸ್ರಿ. ಒಳಕ್ಕೆ ಹೊರಕ್ಕೆ ಸ್ವಲ್ಪ ಸರಿದರೆ ಚಿಂತಿ ಇಲ್ಲ, ಅದು ಸ್ಪ್ಲೈನ್ (ಸ್ಪ್ರಾಕೆಟ್ ಕೂರೋಕೆ ಶಾಫ್ಟ್ ಮೇಲೆ ಇರೋ ಉದ್ದ ಗೀರು) ಮೇಲಿನ ಆಟ. ಶಾಫ್ಟ್ ಸಮೇತ ಮೇಲೆ ಕೆಳಗೆ ಕೈಗೆ ತಿಳಿಯೋ ಹಾಗೆ ಆಡಿದರೆ ಬೇರಿಂಗ್ ಹೋಗೇತಿ. ಆ ಸ್ಪ್ರಾಕೆಟ್ ಹಿಂದಿರೋ ಆಯಿಲ್ ಸೀಲ್ ಒದ್ದೆ ಐತೇನು ನೋಡ್ರಿ, ಶಾಫ್ಟ್ ಅಲುಗಿದರೆ ಸೀಲಿನ ತುಟಿ ತಾಳೋದಿಲ್ಲ.

ಆಯಿಲ್ ಹೊಸದಾದರೂ ಒಂದು ಸಲ ಬಿಳಿ ಬಟ್ಟೆ ಮೇಲೆ ಸೋಸಿ, ಮ್ಯಾಗ್ನೆಟ್ ಆಡಿಸ್ರಿ. ಬೂದಿಯಂಥ ನುಣ್ಣನೆ ಕೆಸರು ಹತ್ತಿದರೆ ಅದು ಮಾಮೂಲಿ ಸವೆತ. ಹೊಳೆಯೋ ಚಕ್ಕೆ ಹತ್ತಿದರೆ ಬೇರಿಂಗ್ ಅಥವಾ ಹಲ್ಲಿನ ಮೇಲ್ಪದರ ಎದ್ದು ಬರ್ತಾ ಐತಿ. ಮ್ಯಾಗ್ನೆಟ್‌ಗೆ ಹತ್ತದ ಹಳದಿ ಚೂರು ಇದ್ದರೆ ಬುಷ್ (ಗೇರಿನ ಒಳಗಿನ ಲೋಹದ ಬಳೆ) ಸವೆದದ್ದು.

ಹದಡಿ ರೋಡ್ ಸವಾರ, ದಾವಣಗೆರೆ

ಇಬ್ಬರಿಗೂ ಧನ್ಯವಾದ. ಹೇಳಿದ ಹಾಗೆ ಮಾಡಿ ನೋಡಿದೆ.

ನಿಂತಲ್ಲಿ ಸದ್ದಿಲ್ಲ, ಕ್ಲಚ್ ಹಿಡಿದರೂ ಬಿಟ್ಟರೂ ವ್ಯತ್ಯಾಸ ಇಲ್ಲ. 50ರಲ್ಲಿ ಮೂರು, ನಾಲ್ಕು, ಐದು ಮೂರರಲ್ಲೂ ಶ್ರುತಿ ಒಂದೇ. ನ್ಯೂಟ್ರಲ್‌ನಲ್ಲಿ ಉರುಳಿದಾಗಲೂ ಸದ್ದು ಇತ್ತು, ವೇಗದ ಜೊತೆಗೇ ಇಳಿಯಿತು. ಚೈನ್ ಒಂದು ಕಡೆ 25 ಮಿ.ಮೀ. ಆಡುತ್ತೆ, ಇನ್ನೊಂದು ಕಡೆ 10 ಕೂಡ ಇಲ್ಲ. ಹಿಂದಿನ ಚಕ್ರ ನುಣ್ಣಗೆ ತಿರುಗುತ್ತೆ. ಮುಂದಿನ ಸ್ಪ್ರಾಕೆಟ್ ಶಾಫ್ಟ್ ಸಮೇತ ಮೇಲೆ ಕೆಳಗೆ ಆಡುತ್ತೆ, ಟಾರ್ಚ್ ಹಿಡಿದರೆ ಕಣ್ಣಿಗೇ ಕಾಣುತ್ತೆ, ಸೀಲಿನ ಸುತ್ತ ಜಿಡ್ಡು ಮಣ್ಣು ಮೆತ್ತಿದೆ. ಮ್ಯಾಗ್ನೆಟ್ ಮೇಲೆ ಕೆಸರಿನ ಜೊತೆ ಮೂರ್ನಾಲ್ಕು ಹೊಳೆಯೋ ಚಕ್ಕೆ. ಹೀಗೇ ಸ್ವಲ್ಪ ದಿನ ಓಡಿಸಬಹುದಾ?

ದುರ್ಗದ ಗೇರ್, ಚಿತ್ರದುರ್ಗ

ಬೇಡ ಸರ್, ಇವತ್ತೇ ನಿಲ್ಲಿಸಿ. ಸ್ಪ್ರಾಕೆಟ್ ಬದಿಯ ಔಟ್‌ಪುಟ್ ಶಾಫ್ಟ್ ಬೇರಿಂಗ್ ಹೋಗಿದೆ. ಚಕ್ಕೆ ಏಳೋಕೆ ಶುರುವಾದ ಬೇರಿಂಗಿನ ಗುಂಡು ಹಿಡಿಯೋ ಪಂಜರ ಮುರಿದರೆ ಶಾಫ್ಟ್ ಸಿಕ್ಕಿಹಾಕಿಕೊಂಡು ಹಿಂದಿನ ಚಕ್ರ ಓಡುವಾಗಲೇ ಲಾಕ್ ಆಗಬಹುದು.

ಬಹಳಷ್ಟು ಇಂಜಿನ್ನಿನಲ್ಲಿ ಈ ಬೇರಿಂಗ್ ಒಳಗಡೆಯಿಂದ ಕೂತಿರೋದರಿಂದ ಕೇಸ್ ಎರಡು ಭಾಗ ಮಾಡಲೇಬೇಕು. ಅಂದರೆ ಇಂಜಿನ್ ಇಳಿಸೋ ಮಾತು ಸರಿ, ಗೇರ್ ಸೆಟ್ ಪೂರ್ತಿ ಬದಲಿಸೋ ಮಾತು ಸರಿಯಲ್ಲ. ಕೇಸ್ ಬಿಚ್ಚಿದ ಮೇಲೆ ನಿಮ್ಮೆದುರೇ ಪ್ರತಿ ಗೇರಿನ ಹಲ್ಲು ಒರೆಸಿ ನೋಡಿ. ಹಲ್ಲಿನ ಮುಖದಲ್ಲಿ ಸೂಜಿ ಚುಚ್ಚಿದಂಥ ಗುಳಿ ಇದ್ದರೆ ಆ ಗೇರನ್ನು ಅದರ ಜೋಡಿಯ ಜೊತೆಗೇ ಬದಲಿಸಿ. ಹೊಸ ಹಲ್ಲು, ಹಳೇ ಹಲ್ಲು ಸೇರಿದರೆ ಸದ್ದು ಮತ್ತೆ ಬರುತ್ತೆ. ಗುಳಿ ಇಲ್ಲದಿದ್ದರೆ ಮುಟ್ಟಬೇಡಿ.

ಎರಡೂ ಶಾಫ್ಟಿನ ಬೇರಿಂಗ್ ಹಾಕಿಸಿ, ಕೂಲಿ ಒಂದೇ. ಜೊತೆಗೆ ಸ್ಪ್ರಾಕೆಟ್ ಸೀಲ್, ಪ್ಯಾಕಿಂಗ್, ಬಿಚ್ಚಿದ ಸರ್ಕ್ಲಿಪ್ (ಗೇರ್ ಸರಿಯದ ಹಾಗೆ ಶಾಫ್ಟ್ ಮೇಲೆ ಹಿಡಿಯೋ ಬಳೆ) ಎಲ್ಲ ಹೊಸದು. ವಾಷರ್ ಬಿಚ್ಚೋ ಕ್ರಮದಲ್ಲೇ ತಂತಿಗೆ ಪೋಣಿಸಿ ಇಡಲಿ, ಒಂದು ಅದಲುಬದಲಾದರೂ ಗೇರ್ ಬಿಗಿಯಾಗುತ್ತೆ. ಬೇರಿಂಗನ್ನು ಒಳ ರಿಂಗಿನ ಮೇಲೆ ಬಡಿದು ಕೂರಿಸೋಕೆ ಬಿಡಬೇಡಿ. ಹಾಗೆ ಬಡಿದರೆ ಗುಂಡುಗಳು ಹಾದಿಯಲ್ಲಿ ಸಣ್ಣ ಕುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಗುಂಯ್ ಅನ್ನುತ್ತೆ. ಕೇಸನ್ನು ಓವನ್‌ನಲ್ಲಿ 100 ಡಿಗ್ರಿವರೆಗೆ ಬಿಸಿ ಮಾಡಿ, ಬೇರಿಂಗನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಕೈಯಲ್ಲೇ ಕೂರುತ್ತೆ. ಒತ್ತಲೇಬೇಕಾದರೆ ಹೊರ ರಿಂಗಿನ ಮೇಲೆ ಮಾತ್ರ.

ಬೇರಿಂಗ್ ಅಂಗಡಿ, ಹರಿಹರ

ಹಳೇ ಬೇರಿಂಗ್ ಕೈಯಾಗ ಹಿಡಕೊಂಡೇ ಅಂಗಡಿಗೆ ಹೋಗ್ರಿ, ರಿಂಗಿನ ಮೇಲೆ ನಂಬರ್ ಕೊರೆದಿರ್ತದ. 6203 ಅಂದರೆ ಒಳಗೆ 17, ಹೊರಗೆ 40, ಅಗಲ 12 ಮಿ.ಮೀ. 6204 ಆದರೆ 20, 47, 14. ನಂಬರ್ ಆದ ಮೇಲೆ ಸಿ3 ಅಂತ ಇದ್ದರೆ ಸಿ3ನೇ ಕೇಳ್ರಿ, ಬಿಸಿಗೆ ಹಿಗ್ಗೋಕೆ ಒಳಗೆ ಜಾಗ ಬಿಟ್ಟು ಮಾಡಿರ್ತಾರ. ಹಳೇದು ಮುಚ್ಚಳ ಇಲ್ಲದ್ದಾದರೆ ರಬ್ಬರ್ ಮುಚ್ಚಳದ್ದು ಕೊಟ್ಟರೆ ತಗೋಬ್ಯಾಡ್ರಿ, ಇಂಜಿನ್ ಆಯಿಲ್ ಒಳಗೆ ಹೋಗೋದಿಲ್ಲ.

ಈ ಬೇರಿಂಗ್ ಹೋಗಿದ್ದಕ್ಕೆ ಚೈನೇ ಕಾರಣ ಅಂತ ನನ್ನ ಲೆಕ್ಕ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್ನು, ಹಿಂದಿನ ಆ್ಯಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಖಾಲಿ ಗಾಡಿಯಾಗ ಸರಿ ಕಂಡ ಚೈನ್, ಇಬ್ಬರು ಕೂತು ಚೀಲ ಕಟ್ಟಿದ ಕೂಡಲೇ ತಂತಿ ಆಗ್ತದ. ಅದಕ್ಕೇ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೆ ಹೊಸದು ಹಾಕಿದ ಮೇಲೆ ಇಬ್ಬರನ್ನ ಕೂರಿಸಿ, ಹಿಂಭಾಗ ಆ ಗೆರೆಗೆ ಬರೋತನಕ ಒತ್ತಿಸಿ, ಅಲ್ಲೂ ಬೆರಳಿಗೆ ಸ್ವಲ್ಪ ಆಟ ಉಳಿದೈತೇನು ನೋಡ್ರಿ. ಎರಡೂ ಬದಿಯ ಅಡ್ಜಸ್ಟರ್ ಗೆರೆ ಸಮ ಇರಲಿ. ಸುಮಾರು 500 ಕಿ.ಮೀ.ಗೊಮ್ಮೆ ಸೀಮೆಎಣ್ಣೆ ಬ್ರಷ್‌ನಿಂದ ತೊಳೆದು 90 ನಂಬರ್ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದು ಒರೆಸಿಬಿಡ್ರಿ. ಇಲ್ಲಾಂದ್ರೆ ನಮ್ಮ ಕಡೆ ಧೂಳು ಕೂತು ಉಜ್ಜೋ ಪೇಸ್ಟ್ ಆಗ್ತದ.

ಸದ್ದು ಅಡಗಲಿ ಅಂತ ಕಾರಿನ ದಪ್ಪ ಆಯಿಲ್ ಹಾಕೋ ಸಲಹೆ ಯಾರಾದರೂ ಕೊಟ್ಟಾರು. ಕ್ಲಚ್ ಅದೇ ಆಯಿಲಿನಾಗ ಮುಳುಗಿರ್ತದ, ಜಾರೋಕೆ ಶುರು ಮಾಡ್ತದ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಆಯಿಲಿನಾಗ ಮುಳುಗಿರೋ ಕ್ಲಚ್ಚಿಗೆ ಸರಿಹೋಗೋ ಬೈಕ್ ಆಯಿಲ್ ಅನ್ನೋ ಗುರುತು) ಇರೋದೇ ಹಾಕ್ರಿ. ಕೆಲಸ ಮುಗಿದ ಮೇಲೆ 500 ಕಿ.ಮೀ.ಗೆ ಆ ಆಯಿಲ್ ಇಳಿಸಿ ಮತ್ತೊಮ್ಮೆ ಬಟ್ಟೆ, ಮ್ಯಾಗ್ನೆಟ್ ಹಿಡೀರಿ, ಹೊಸ ಚಕ್ಕೆ ಬಂದರೆ ಇಲ್ಲಿ ಫೋಟೋ ಹಾಕ್ರಿ.