24 ಪವರ್‌ಗೆ ತಿರುಗಿಸಿದರೆ ಸ್ಕೋಪ್ ಕಪ್ಪು: ಕಣ್ಣು ಎಲ್ಲಿಡಬೇಕು?

ಪ್ರಶ್ನೆ (ಪೊನ್ನಂಪೇಟೆಯಿಂದ): ಸರ್, .22 ಬೋಲ್ಟ್ ಆಕ್ಷನ್ ಕೋವಿಗೆ 6ರಿಂದ 24 ಪವರ್‌ನ ಸ್ಕೋಪ್ (ಗುರಿಯನ್ನು ಅಷ್ಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ಹಾಕಿಸಿದ್ದೇನೆ, ಮುಂದಿನ ಗಾಜು 50 ಮಿ.ಮೀ. ರೇಂಜಿನಲ್ಲಿ 50 ಮೀಟರ್ ಪೇಪರ್ ಟಾರ್ಗೆಟ್ಟಿಗೆ ಮಾತ್ರ ಬಳಸುವುದು. 8 ಪವರ್‌ನಲ್ಲಿ ಚಂದ ಕಾಣುತ್ತದೆ. 24ಕ್ಕೆ ತಿರುಗಿಸಿದ ಕೂಡಲೇ ಕಪ್ಪು. ತಲೆ ಅತ್ತಿತ್ತ ಆಡಿಸಿ ಹುಡುಕಬೇಕು, ಸಿಕ್ಕಿದರೂ ಒಂದು ಉಸಿರು ಬಿಡುವಷ್ಟರಲ್ಲಿ ಅರ್ಧಚಂದ್ರದ ಹಾಗೆ ನೆರಳು. ಮಾಲಿನಲ್ಲೇ ದೋಷವಾ? ವಾಪಸ್ ಕೊಡಲಾ?

ಉತ್ತರ (ರೈಫಲ್ ಕೋಚ್): ವಾಪಸ್ ಕೊಡುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಕೋವಿ ಖಾಲಿಯೇ ನೋಡಿ, ಮ್ಯಾಗಜೀನ್ ಮತ್ತು ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ, ಹಿಂದಕ್ಕೆ ಎಳೆಯುವ ಭಾಗ) ಎರಡನ್ನೂ ತೆಗೆದು ಬೇರೆ ಮೇಜಿನ ಮೇಲಿಡಿ. ಸ್ಕೋಪಿನ ಮುಂಭಾಗವನ್ನು ಬೆಳಕಿರುವ ಆಕಾಶದ ಕಡೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಬೇಡ. ಈಗ ಕಣ್ಣಿಡುವ ಗಾಜಿನ ಹಿಂದೆ ಒಂದು ಬಿಳಿ ಕಾಗದ ಹಿಡಿಯಿರಿ. ಅದರ ಮೇಲೆ ಗುಂಡಗಿನ ಬೆಳಕಿನ ಚುಕ್ಕಿ ಬೀಳುತ್ತದೆ. ಕಾಗದವನ್ನು ಹಿಂದೆ ಮುಂದೆ ಮಾಡಿ, ಚುಕ್ಕಿಯ ಅಂಚು ಎಲ್ಲಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಿ. ಗಾಜಿನಿಂದ ಅಲ್ಲಿಗೆ ಇರುವ ದೂರವೇ ಐ ರಿಲೀಫ್. ಇಂಥ ಸ್ಕೋಪುಗಳಲ್ಲಿ ಸಾಮಾನ್ಯವಾಗಿ 8ರಿಂದ 10 ಸೆಂ.ಮೀ. ಇರುತ್ತದೆ. ಸ್ಕೇಲ್ ಇಟ್ಟು ಅಳೆದು ಬರೆದುಕೊಳ್ಳಿ.

ಆ ಚುಕ್ಕಿಗೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಅದರ ಅಗಲ ಎಂದರೆ ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿದ್ದು. 6ರಲ್ಲಿ 50 ಭಾಗಿಸು 6, ಸುಮಾರು 8 ಮಿ.ಮೀ. 10ರಲ್ಲಿ 5 ಮಿ.ಮೀ., ಒಂದು ಒಣ ಕಾಳುಮೆಣಸಿನಷ್ಟು. 24ರಲ್ಲಿ 2 ಮಿ.ಮೀ., ಸಾಸಿವೆ ಕಾಳು. ಒಳ್ಳೆಯ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆಯೇ 2ರಿಂದ 3 ಮಿ.ಮೀ. ಇರುತ್ತದೆ. ಪಾಪೆ 3 ಎಂದಿಟ್ಟುಕೊಂಡರೆ, 6 ಪವರ್‌ನಲ್ಲಿ ಕಣ್ಣು ಮಧ್ಯದಿಂದ ಎರಡೂವರೆ ಮಿ.ಮೀ. ಸರಿದರೂ ಚಿತ್ರ ಪೂರ್ತಿ ಬೆಳಕಾಗಿಯೇ ಇರುತ್ತದೆ. 24ರಲ್ಲಿ ಅದೇ ಎರಡೂವರೆ ಮಿ.ಮೀ. ಸರಿದರೆ ಪೂರ್ತಿ ಕತ್ತಲೆ. ನಿಮ್ಮ ಕಣ್ಣು 8 ಪವರ್‌ನಲ್ಲೂ ತಪ್ಪು ಜಾಗದಲ್ಲೇ ಇತ್ತು, ಚುಕ್ಕಿ ದೊಡ್ಡದಿದ್ದದ್ದರಿಂದ ಗೊತ್ತಾಗಲಿಲ್ಲ ಅಷ್ಟೇ. 24ರಲ್ಲಿ ಕಾಗದದ ಮೇಲೆ ದುಂಡಗಿನ ಶುದ್ಧ ಚುಕ್ಕಿ ಬಿದ್ದರೆ ಸ್ಕೋಪಿಗೆ ಏನೂ ಆಗಿಲ್ಲ. ಚುಕ್ಕಿ ಮೊಟ್ಟೆಯಾಕಾರವಾಗಿದ್ದರೆ ಅಥವಾ ಒಂದು ಕಡೆ ಕಚ್ಚಿದ ಹಾಗಿದ್ದರೆ ಆಗ ಅಂಗಡಿಗೆ ಹೋಗಿ.

ಪ್ರಶ್ನೆ (ಪೊನ್ನಂಪೇಟೆ): ಚುಕ್ಕಿ ದುಂಡಗೆ ಇದೆ ಸರ್. ದೂರ 9 ಸೆಂ.ಮೀ. ಬಂತು. ಈಗ ಸ್ಕೋಪನ್ನು ಹಿಂದಕ್ಕೆ ತರಬೇಕೋ ಮುಂದಕ್ಕೆ ತಳ್ಳಬೇಕೋ ಹೇಗೆ ತಿಳಿಯುವುದು?

ಉತ್ತರ (ರೈಫಲ್ ಕೋಚ್): ಕಣ್ಣು ಮುಚ್ಚಿಕೊಂಡು ಮಾಡಬೇಕಾದ ಕೆಲಸ ಇದು. ಕಣ್ಣು ತೆರೆದಿದ್ದರೆ ಕುತ್ತಿಗೆ ತಾನಾಗಿಯೇ ಸ್ಕೋಪಿಗೆ ಹೊಂದಿಕೊಂಡು ಮೋಸ ಮಾಡುತ್ತದೆ.

ಪವರ್ 24ರಲ್ಲಿಡಿ. ಸ್ಕೋಪನ್ನು ಕೋವಿಯ ಮೇಲೆ ಹಿಡಿದಿಡುವ ರಿಂಗಿನ ಮೇಲಿನ ಸ್ಕ್ರೂಗಳನ್ನು ಸ್ಕೋಪ್ ಜಾರುವಷ್ಟು ಸಡಿಲಿಸಿ. ನೀವು ನಿಜವಾಗಿ ಹೊಡೆಯುವ ಭಂಗಿಯಲ್ಲೇ, ಮಲಗಿ ಹೊಡೆಯುವವರು ಮಲಗಿಯೇ, ಕೋವಿಯನ್ನು ಭುಜಕ್ಕೆ ಕೊಟ್ಟು ಕಣ್ಣು ಮುಚ್ಚಿ. ತಲೆಯ ಭಾರವನ್ನೆಲ್ಲ ಕೆನ್ನೆಯ ಮೂಳೆಯ ಮೂಲಕ ಬಟ್ಟಿನ (ಕೋವಿಯ ಹಿಂಭಾಗದ ಮರದ) ಮೇಲೆ ಬಿಡಿ. ಎರಡು ಉಸಿರು ಎಳೆದು ಬಿಟ್ಟು ಕಣ್ಣು ತೆರೆಯಿರಿ. ಚಿತ್ರದ ಸುತ್ತ ಸಮವಾದ ದಪ್ಪ ಕಪ್ಪು ಬಳೆ ಕಂಡರೆ ದೂರ ತಪ್ಪಿದೆ. ಹತ್ತಿರವೋ ದೂರವೋ ಎಂದು ಬಳೆ ನೋಡಿ ಹೇಳಲಾಗದು, ತಲೆಯನ್ನು ಒಂದು ಕೂದಲೆಳೆ ಹಿಂದಕ್ಕೆ ತನ್ನಿ. ಚಿತ್ರ ಬಿಚ್ಚಿಕೊಂಡರೆ ಕಣ್ಣು ತೀರಾ ಹತ್ತಿರವಿತ್ತು, ಸ್ಕೋಪನ್ನು ಮುಂದಕ್ಕೆ ತಳ್ಳಿ. ಬಳೆ ಇನ್ನೂ ದಪ್ಪವಾದರೆ ಸ್ಕೋಪ್ ಹಿಂದಕ್ಕೆ ಬರಬೇಕು. ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಸರಿಸಬೇಡಿ, ಪ್ರತಿ ಸಲ ಕೋವಿ ಕೆಳಗಿಟ್ಟು ಮತ್ತೆ ಮೊದಲಿಂದ ಎತ್ತಿಕೊಳ್ಳಿ. ಹತ್ತು ಸಲ ಕಣ್ಣು ತೆರೆದಾಗ ಎಂಟು ಒಂಬತ್ತು ಸಲ ಅಂಚಿನವರೆಗೆ ಪೂರ್ತಿ ಚಿತ್ರ ಕಾಣುವ ತನಕ ಇದನ್ನೇ ಮಾಡಿ. ಆಮೇಲೆ ಕ್ರಾಸ್‌ಹೇರಿನ (ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳ) ಅಡ್ಡಗೆರೆ ಮಟ್ಟಸವಾಗಿದೆಯೇ ನೋಡಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ರಿಂಗಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಅಳತೆ ಇಲ್ಲದಿದ್ದರೆ 15ರಿಂದ 18 ಇಂಚ್-ಪೌಂಡ್ ಬಿಗಿತ ಸಾಕು. ಅದಕ್ಕಿಂತ ಬಿಗಿದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ, ಫೋಕಸ್ ಗುಂಡಿಯೂ ಗಟ್ಟಿಯಾಗುತ್ತದೆ.

ಉತ್ತರ (ಕೋವಿ ರಿಪೇರಿಯವರು, ವಿರಾಜಪೇಟೆ): ಕೋಚ್ ಸರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮಲಗಿ ಹೊಂದಿಸಿದ ಸ್ಕೋಪ್ ನಿಂತಾಗ ದೂರವಾಗುತ್ತದೆ, ಯಾಕೆಂದರೆ ಮಲಗಿದಾಗ ತಲೆ ಮುಂದಕ್ಕೆ ಹೋಗುತ್ತದೆ, ನಿಂತರೆ ಹಿಂದೆ ನಿಲ್ಲುತ್ತದೆ. ಎರಡೂ ಬೇಕಾದವರು ಮಲಗಿದ ಭಂಗಿಗೆ 24ರಲ್ಲಿ ಹೊಂದಿಸಿಕೊಳ್ಳಿ, ನಿಂತು ಹೊಡೆಯುವಾಗ 10-12ಕ್ಕೆ ಇಳಿಸಿ. ನಿಂತಾಗ 24 ಪವರ್‌ನಲ್ಲಿ ಕಾಣುವುದು ಹೇಗೂ ಸ್ವಂತ ನಾಡಿ ಬಡಿತವೇ. ಇನ್ನೊಂದು, ಹಿನ್ನೊದೆತ ಜೋರಿರುವ .315 ಅಥವಾ .30-06 ಕೋವಿಗೆ ಇದೇ ಸ್ಕೋಪ್ ಕೂರಿಸುವವರು ಚಿತ್ರ ಪೂರ್ತಿ ಕಾಣುವ ಮಿತಿಯಲ್ಲಿ ಆದಷ್ಟು ಮುಂದಕ್ಕೇ ಇಡಿ. ಇಳಿಜಾರಿನಲ್ಲಿ ಮಲಗಿ ಮೇಲ್ಮುಖವಾಗಿ ಹೊಡೆದರೆ ಕಣ್ಣು ಇನ್ನೂ ಹತ್ತಿರ ಬಂದು, ಹಿನ್ನೊದೆತಕ್ಕೆ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಬಳೆ ಹೋಯಿತು. ಈಗ ಕೆಳಗಡೆ ಮಾತ್ರ ನೆರಳು ಬರುತ್ತಿದೆ, ತಲೆ ಎತ್ತಿದರೆ ಸರಿಯಾಗುತ್ತದೆ. ಎತ್ತಿ ಹಿಡಿದರೆ ಕೆನ್ನೆ ಬಟ್ಟಿನ ಮೇಲೆ ಕೂರುವುದಿಲ್ಲ.

ಉತ್ತರ (ರೈಫಲ್ ಕೋಚ್): ನಿಮ್ಮ ಮುಖ್ಯ ಕಾಯಿಲೆ ಇದೇ. ತೆರೆದ ಸೈಟಿಗೆಂದು (ಸ್ಕೋಪಿಲ್ಲದೆ ಗುರಿ ಹಿಡಿಯಲೆಂದು) ಕಡೆದ ಬಟ್ಟು ತಗ್ಗಾಗಿರುತ್ತದೆ. 50 ಮಿ.ಮೀ. ಗಾಜಿನ ಸ್ಕೋಪ್ ಬ್ಯಾರಲ್‌ಗೆ ತಾಗದಿರಲೆಂದು ಎತ್ತರದ ರಿಂಗ್ ಹಾಕಿದಾಗ ಕಣ್ಣು ಒಂದೆರಡು ಸೆಂ.ಮೀ. ಮೇಲೇರಬೇಕಾಗುತ್ತದೆ. ಕೆನ್ನೆಯ ಬದಲು ದವಡೆ ಊರಿ ಹೊಡೆಯುವವರನ್ನು ನೀವೂ ನೋಡಿರುತ್ತೀರಿ. ದವಡೆ ಮಾತಾಡುವ ಎಲುಬು, ಅದಕ್ಕೆ ಒಂದೇ ಜಾಗ ಅಂತ ಇಲ್ಲ.

2 ಮಿ.ಮೀ. ದಪ್ಪದ ರಟ್ಟನ್ನು ಬಟ್ಟಿನ ಮೇಲಂಚಿನ ಅಳತೆಗೆ ಕತ್ತರಿಸಿ, ಒಂದೊಂದೇ ಪದರ ಟೇಪಿನಿಂದ ಅಂಟಿಸುತ್ತಾ ಹೋಗಿ. ಪ್ರತಿ ಪದರಕ್ಕೂ ಅದೇ ಕಣ್ಣು ಮುಚ್ಚಿದ ಪರೀಕ್ಷೆ. ಕೆಳಗಿನ ನೆರಳು ಹೋಗಿ ಮೇಲೆ ನೆರಳು ಶುರುವಾದರೆ ಕೊನೆಯ ಪದರ ಹೆಚ್ಚಾಯಿತು, ಕಿತ್ತುಬಿಡಿ. ಕಣ್ಣು ಮಧ್ಯಕ್ಕಿದೆಯೇ ಎಂದು ನೋಡಲು ಗೆಳೆಯನನ್ನು ಸ್ಕೋಪಿನ ಎದುರು ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಕೋವಿ ಖಾಲಿಯಿದ್ದರೂ ಬ್ಯಾರಲ್ ಮುಂದೆ ಮನುಷ್ಯ ನಿಲ್ಲಬಾರದು. ರಟ್ಟು ಅದೇ ಕೆಲಸ ಮಾಡುತ್ತದೆ.

ಪ್ರಶ್ನೆ (ಮಡಿಕೇರಿಯಿಂದ): ನೆರಳು ಯಾವ ಕಡೆಯೋ ಆ ಕಡೆಯಿಂದ ತಲೆ ದೂರ ತರಬೇಕು ಅಂತ ಲೆಕ್ಕವಾ ಸರ್? ನನಗೆ ಕೆಲವು ಸಲ ಉಲ್ಟಾ ಆಗುತ್ತದೆ.

ಉತ್ತರ (ರೈಫಲ್ ಕೋಚ್): ಉಲ್ಟಾ ಆಗುವುದಕ್ಕೂ ಕಾರಣವಿದೆ. ಕಣ್ಣು ಆ ಚುಕ್ಕಿಯ ಜಾಗಕ್ಕಿಂತ ಹಿಂದಿದ್ದರೆ, ಕಣ್ಣು ಎಡಕ್ಕೆ ಜಾರಿದಾಗ ನೆರಳೂ ಎಡಕ್ಕೆ. ಕಣ್ಣು ಚುಕ್ಕಿಗಿಂತ ಮುಂದಿದ್ದರೆ ಎಡಕ್ಕೆ ಜಾರಿದಾಗ ನೆರಳು ಬಲಕ್ಕೆ. ನಿಮಗೆ ಉಲ್ಟಾ ಆದ ದಿನ ನೀವು ಸ್ಕೋಪಿಗೆ ತೀರಾ ಹತ್ತಿರ ಮಲಗಿದ್ದೀರಿ ಎಂದರ್ಥ. ಸರಿಯಾದ ದೂರದಲ್ಲೇ ಇದ್ದು ಕಣ್ಣು ಪಕ್ಕಕ್ಕೆ ಜಾರಿದರೆ ಅರ್ಧಚಂದ್ರ ಬರುವುದಿಲ್ಲ, ಇಡೀ ಚಿತ್ರದ ಬೆಳಕು ಒಟ್ಟಿಗೆ ಮಂಕಾಗುತ್ತದೆ.

ಪ್ರಶ್ನೆ (ಮಡಿಕೇರಿ): ಸ್ವಲ್ಪ ನೆರಳಿದ್ದರೆ ಗುಂಡು ಎಷ್ಟು ತಪ್ಪುತ್ತದೆ?

ಉತ್ತರ (ರೈಫಲ್ ಕೋಚ್): ಪ್ಯಾರಲಾಕ್ಸ್ (ಕಣ್ಣು ಸರಿದಾಗ ಕ್ರಾಸ್‌ಹೇರ್ ಟಾರ್ಗೆಟ್ಟಿನ ಮೇಲೆ ಸರಿದಂತೆ ಕಾಣುವ ದೋಷ) ಸರಿಯಾಗಿ ಕಳೆದಿದ್ದರೆ ಬಹುತೇಕ ಏನೂ ಇಲ್ಲ. ಕಳೆಯದಿದ್ದರೆ ಲೆಕ್ಕ ಹೀಗೆ: ಮುಂದಿನ ಗಾಜಿನ ಅರ್ಧ ಅಗಲವನ್ನು, ಹೊಂದಿಸಿದ ದೂರಕ್ಕೂ ಟಾರ್ಗೆಟ್ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. ಸ್ಕೋಪಿನ ಪಕ್ಕದ ಫೋಕಸ್ ಗುಂಡಿ 100 ಮೀಟರಿನಲ್ಲಿದ್ದು ಟಾರ್ಗೆಟ್ 50ರಲ್ಲಿದ್ದರೆ 25 ಗುಣಿಸು 50 ಭಾಗಿಸು 100, ಹನ್ನೆರಡೂವರೆ ಮಿ.ಮೀ. ಇದು ಗರಿಷ್ಠ ತಪ್ಪು. ಆದರೆ ಒಳ್ಳೆಯ .22 ಕೋವಿಯ ಐದು ಗುಂಡಿನ ಗುಂಪೇ ಆ ದೂರದಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. 10 ಪವರ್‌ನಲ್ಲಿ ಅಷ್ಟು ತಪ್ಪಲು ಕಣ್ಣು ಎರಡೂವರೆ ಮಿ.ಮೀ. ಜಾರಬೇಕು, 24ರಲ್ಲಿ 1 ಮಿ.ಮೀ. ಸಾಕು.

ಕಳೆಯುವ ಕ್ರಮ ತಲೆಕೆಳಗಾಗಬಾರದು. ಮೊದಲು ಕಣ್ಣಿನ ಕಡೆಯ ಉಂಗುರ. ಖಾಲಿ ಆಕಾಶ ಅಥವಾ ಬಿಳಿ ಗೋಡೆಯ ಕಡೆ ಹಿಡಿದು ಎರಡು ಮೂರು ಸೆಕೆಂಡ್ ಮಾತ್ರ ನೋಡಿ, ಕಣ್ಣು ತೆಗೆದು, ಉಂಗುರ ತಿರುಗಿಸಿ, ಮತ್ತೆ ನೋಡಿ. ಮೊದಲ ನೋಟಕ್ಕೇ ಕ್ರಾಸ್‌ಹೇರ್ ಚೂಪಾಗಿರಬೇಕು. ಹೆಚ್ಚು ಹೊತ್ತು ನೋಡಿದರೆ ಕಣ್ಣೇ ಫೋಕಸ್ ಮಾಡಿಕೊಂಡುಬಿಡುತ್ತದೆ. ಅದನ್ನು ಮತ್ತೆ ಮುಟ್ಟಬೇಡಿ. ಆಮೇಲೆ ಪಕ್ಕದ ಗುಂಡಿಯಿಂದ ಟಾರ್ಗೆಟ್ ಚೂಪು ಮಾಡಿ, ಕೋವಿಯನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು, ಹೌದು ಹೌದು ಎನ್ನುವ ಹಾಗೆ ತಲೆ ನಿಧಾನ ಆಡಿಸಿ. ಕ್ರಾಸ್‌ಹೇರ್ ಟಾರ್ಗೆಟ್ಟಿನ ಮೇಲೆ ಈಜಬಾರದು. ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಈಜಾಟ ನಿಂತ ಜಾಗಕ್ಕೆ ಸಣ್ಣ ಬಿಳಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ (ಸೋಮವಾರಪೇಟೆಯಿಂದ): ನನ್ನದು ಸ್ಪ್ರಿಂಗ್ ಏರ್ ರೈಫಲ್ ಅಣ್ಣ. ಭಾನುವಾರ ಸರಿ ಮಾಡಿದ್ದು ಮುಂದಿನ ಭಾನುವಾರ ಕಪ್ಪಾಗಿರುತ್ತದೆ.

ಉತ್ತರ (ಕೋವಿ ರಿಪೇರಿಯವರು): ಸ್ಕೋಪ್ ಜಾರುತ್ತಿದೆ. ಸ್ಪ್ರಿಂಗ್ ಕೋವಿ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಮುಂದೆ ಹೋಗಿ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟಕ್ಕೆ ಮೌಂಟ್ (ಸ್ಕೋಪ್ ಹಿಡಿದ ರಿಂಗಿನ ಜೋಡಣೆ) ಕೋವಿಯ ಮೇಲಿನ ಹಳಿಯಲ್ಲಿ ಹಿಂದಕ್ಕೆ ತೆವಳುತ್ತದೆ, ಸ್ಕೋಪ್ ನಿಮ್ಮ ಕಣ್ಣಿನ ಹತ್ತಿರ ಬರುತ್ತದೆ. ಎರಡು ಬಿಡಿ ರಿಂಗಿನ ಬದಲು ಒಂದೇ ತುಂಡಿನ, ಸ್ಟಾಪ್ ಪಿನ್ ಇರುವ ಮೌಂಟ್ ಹಾಕಿಸಿ, ಪಿನ್ ಹಳಿಯ ತೂತಿನಲ್ಲಿ ಕೂರಬೇಕು. ಮೌಂಟಿನ ಹಿಂದೆ ಪೆನ್ಸಿಲ್ ಗೆರೆ ಎಳೆದಿಡಿ, ಜಾರಿದರೆ ಗೊತ್ತಾಗುತ್ತದೆ. ಸ್ಕೋಪಿನ ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆ ಅಂತ ಇರದಿದ್ದರೆ ಒಳಗಿನ ಗಾಜೇ ಸಡಿಲವಾಗುತ್ತದೆ. ಪ್ಯಾರಲಾಕ್ಸ್ 10 ಮೀಟರಿಗೆ ಇಳಿಯುವ ಸ್ಕೋಪೇ ಬೇಕು. ಕೆನ್ನೆ ಒತ್ತಬೇಡಿ, ಅದೇ ಜಾಗಕ್ಕೆ ಹಗುರಾಗಿ ತಾಗಿದರೆ ಸಾಕು.

ಪ್ರಶ್ನೆ (ಕುಶಾಲನಗರದಿಂದ): ಕನ್ನಡಕ ಹಾಕುವವರ ಕಥೆ? ನನ್ನದು ಪ್ರೊಗ್ರೆಸಿವ್.

ಉತ್ತರ (ರೈಫಲ್ ಕೋಚ್): ಪ್ರೊಗ್ರೆಸಿವ್ ಬೇಡ ಅಕ್ಕ. ತಲೆ ಸ್ವಲ್ಪ ಬಾಗಿದರೂ ಗಾಜಿನ ಬೇರೆ ನಂಬರಿನ ಜಾಗದಿಂದ ನೋಡುತ್ತೀರಿ, ಕ್ರಾಸ್‌ಹೇರ್ ಒಮ್ಮೆ ಚೂಪು ಒಮ್ಮೆ ಮಸುಕು. ದೂರದ ನಂಬರ್ ಮಾತ್ರ ಇರುವ ಒಂದು ಜೊತೆ ಮಾಡಿಸಿ. ಮಲಗಿದಾಗ ಗಾಜಿನ ಮೇಲಂಚಿನಿಂದ ನೋಡುವಂತಾಗುತ್ತದೆ, ಹಾಗಾಗಿ ಎತ್ತರದ ಗಾಜಿನ ಫ್ರೇಮ್ ಆರಿಸಿ, ಮೂಗಿನ ಮೇಲೆ ಜಾರದಂತೆ ಕಟ್ಟಿಕೊಳ್ಳಿ. ಕಣ್ಣಿನ ಉಂಗುರವನ್ನು ಆ ಕನ್ನಡಕ ಹಾಕಿಕೊಂಡೇ ಹೊಂದಿಸಿ.

ಪ್ರಶ್ನೆ (ಪೊನ್ನಂಪೇಟೆ): ಏಳು ಪದರ ರಟ್ಟಿಗೆ ಸರಿಯಾಯಿತು ಸರ್! 24ರಲ್ಲಿ ಕಣ್ಣು ತೆರೆದ ಕೂಡಲೇ ಪೂರ್ತಿ ಚಿತ್ರ. ರಟ್ಟು ಈ ಮಳೆಗೆ ಉಳಿಯುವುದಿಲ್ಲವಲ್ಲ, ಕೈಲ್ ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಬರುವ ಮೊದಲು ಖಾಯಂ ಏನು ಮಾಡಿಸಲಿ?

ಉತ್ತರ (ಕೋವಿ ರಿಪೇರಿಯವರು): 14 ಮಿ.ಮೀ. ಆಯಿತು. ಹವಾಯಿ ಚಪ್ಪಲಿಯ ಅಟ್ಟೆಯಂಥ ನೀರು ಹೀರದ ಶೀಟ್ ತನ್ನಿ, ಹಾಸಿಗೆಯ ಸ್ಪಂಜ್ ಬೇಡ. ಸ್ಪಂಜ್ ಕೆನ್ನೆಯ ಭಾರಕ್ಕೆ ಕುಗ್ಗುತ್ತದೆ, ಕಕ್ಕಡ ತಿಂಗಳ ಮಳೆಯ ತೇವ ಹಿಡಿದಿಟ್ಟು ಮರಕ್ಕೂ ಕಬ್ಬಿಣಕ್ಕೂ ಕೆಡುಕು. ಶೀಟ್ ಕೂರಿಸಿ ಹಳೆ ಸೈಕಲ್ ಟ್ಯೂಬ್ ಬಿಗಿಯಾಗಿ ಹಾಕಿ, ಅಥವಾ ಲೇಸ್ ಕಟ್ಟುವ ತೊಗಲಿನ ಕವಚ ಹೊಲಿಸಿ, ಆದರೆ ತೊಗಲಾದರೆ ಮಳೆಗಾಲದಲ್ಲಿ ಬಿಚ್ಚಿ ಒಣಗಿಸಬೇಕು. ಅಂಟು ಹಾಕುವ ಮೊದಲು ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆದು ಹೊರಗೆ ತೆಗೆದು ನೋಡಿ. 14 ಮಿ.ಮೀ. ಎತ್ತರಿಸಿದಾಗ ಎಷ್ಟೋ ಕೋವಿಗಳಲ್ಲಿ ಬೋಲ್ಟ್ ಶೀಟಿಗೆ ಬಂದು ಬಡಿಯುತ್ತದೆ, ಕ್ಲೀನಿಂಗ್ ರಾಡ್ ನೇರವಾಗಿ ಒಳಗೆ ಹೋಗುವುದಿಲ್ಲ. ಬಡಿಯುವ ಕಡೆ ಶೀಟಿನ ಮುಂದಿನ ಮೂಲೆಯನ್ನು ಬೋಲ್ಟಿನ ಅಗಲಕ್ಕೆ ಬ್ಲೇಡಿನಲ್ಲಿ ತೋಡಿ, ಕೆನ್ನೆ ಕೂರುವ ಭಾಗವನ್ನು ಮುಟ್ಟಬೇಡಿ.