ಅಪ್‌ಡೇಟ್: ಹಾರ್ನ್ ಸದ್ದಿನ ನಡುವೆ ಅಜ್ಜಿಯ ಕಥೆಗಳ ಧ್ವನಿಮುದ್ರಣ

ಮಲ್ಲೇಶ್ವರದ ರಸ್ತೆಬದಿಯ ಮನೆಯಲ್ಲಿ ಅಜ್ಜಿಯ ಕಥೆಗಳನ್ನು ಮುದ್ರಿಸುವಾಗ ಹಾರ್ನ್, ನಾಯಿ ಬೊಗಳುವ ಸದ್ದು, ತರಕಾರಿ ಗಾಡಿಯವರ ಕೂಗು ನುಗ್ಗುತ್ತವೆ, ಏನು ಮಾಡಲಿ ಎಂದು ಈ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ಅದು ಈಗ ಬಹುಮಟ್ಟಿಗೆ ಪರಿಹಾರವಾಗಿದೆ.

ಧ್ವನಿ ತಿದ್ದುವ ತಂತ್ರಾಂಶ ಅಡಾಸಿಟಿಯಲ್ಲಿರುವ ನಾಯ್ಸ್ ರಿಡಕ್ಷನ್ (ಸದ್ದು ತಗ್ಗಿಸುವ ಸೌಲಭ್ಯ) ಫ್ಯಾನಿನ ಸದ್ದನ್ನು ಚೆನ್ನಾಗಿ ತೆಗೆಯಿತು, ಹಾರ್ನ್‌ಗೆ ನಾಟಲಿಲ್ಲ. ಅದು ಸದ್ದಿನ ಒಂದು ಮಾದರಿಯನ್ನು ಹಿಡಿದು ಅದನ್ನೇ ತಗ್ಗಿಸುವುದರಿಂದ ಏಕರೂಪದ ಸದ್ದಿಗಷ್ಟೇ ಸರಿ. ಸದ್ದು ಒಂದು ಮಟ್ಟಕ್ಕಿಂತ ಕಡಿಮೆಯಾದಾಗ ಅದನ್ನು ಅಡಗಿಸುವ ನಾಯ್ಸ್ ಗೇಟ್ ಕೂಡ ಸೋತಿತು: ಮಾತಿನ ಜೊತೆಗೇ ಹಾರ್ನ್ ಒಳಬರುತ್ತದೆ.

ಗೆದ್ದದ್ದು ಕಾಲರ್ ಮೈಕ್ (ಬಾಯಿಗೆ ಹತ್ತಿರವಾಗಿ ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಬಳಸುವ ಸಲಹೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ರಸ್ತೆಯ ಸದ್ದು ಇದ್ದಷ್ಟೇ ಇರುತ್ತದೆ. ಹೇಳಿಕೊಟ್ಟವರಿಗೆ ತುಂಬು ಕೃತಜ್ಞತೆ! ಉಳಿದ ಸದ್ದಿಗೆ ಆರ್‌ಎನ್‌ನಾಯ್ಸ್ ಎಂಬ, ಮಾತಿನಿಂದ ಸದ್ದನ್ನು ಬೇರ್ಪಡಿಸುವ ತಂತ್ರಾಂಶ ಬಳಸಿದೆ. ಅಚ್ಚರಿಯೆಂದರೆ, ಅದು ಅಜ್ಜಿಯ ಮೆಲುದನಿಯ ಸಕಾರ, ಶಕಾರಗಳನ್ನೂ ಸವೆಸಿತು. ಮೂಲ ಧ್ವನಿಯನ್ನು ಸ್ವಲ್ಪ ಬೆರೆಸಿದ ಮೇಲೆ ಸರಿಹೋಯಿತು. ಆದ್ದರಿಂದ ಮೂಲ ಕಡತವನ್ನು ಅಳಿಸಬೇಡಿ.