ಅಪ್‌ಡೇಟ್: ಬೋನಿಗೆ ಬೀಳದ ರಕೂನ್‌ಗಳ ಕಥೆ

ಬೋನಿಗೆ ಬೀಳದ ರಕೂನ್‌ಗಳನ್ನು (ಮುಂಗಾಲನ್ನು ಕೈಯಂತೆ ಬಳಸುವ ಅಮೆರಿಕದ ಕಾಡುಪ್ರಾಣಿ) ಹಿಡಿಯುವುದು ಹೇಗೆ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿದೆಯಾ? ಟೆಕ್ಸಾಸಿನ ಹಿಲ್ ಕಂಟ್ರಿ ಎಂಬ ಗುಡ್ಡಗಾಡಿನಲ್ಲಿ ನಾವು ನಾಲ್ಕು ಜನ ಬೇಟೆಗೆ ಲೀಸ್ ತಗೊಂಡಿರುವ ಜಾಗ. ಜಿಂಕೆಗಳಿಗೆಂದು ಫೀಡರ್‌ನಲ್ಲಿ (ಕಾಳು ಚೆಲ್ಲುವ ಡಬ್ಬಿ) ತುಂಬಿಸಿದ ಮೆಕ್ಕೆಜೋಳವನ್ನು ರಕೂನ್‌ಗಳೇ ಖಾಲಿ ಮಾಡುತ್ತಿದ್ದವು. ಎರಡು ರಕೂನ್‌ಗಳು ಬೋನಿಗೆ ಬಿದ್ದ ಮೇಲೆ ಉಳಿದವು ಅದರ ಹತ್ತಿರವೂ ಸುಳಿಯಲಿಲ್ಲ.

ನೀವು ಹೇಳಿದ ಹಾಗೆ ಬೋನಿನ ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿದೆ. ತಳದ ಜಾಲರಿ ಮೇಲೆ ಮಣ್ಣು ಹರಡಿ, ಭಯ ಹೋಗಲಿ ಅಂತ ಒಂದು ವಾರ ಒಳಗಿನ ಕಾಳನ್ನು ಸುಮ್ನೆ ತಿನ್ನಲು ಬಿಟ್ಟೆ. ಎಂಟನೇ ದಿನ ತಂತಿ ಬಿಚ್ಚಿದೆ, ಒಂದು ಸಿಕ್ಕಿತು. ಆದರೆ ಕ್ಯಾಮೆರಾ ನೋಡಿದರೆ ನಗು ಬರುತ್ತದೆ. ಒಂದು ದಪ್ಪ ಹೆಣ್ಣು ರಕೂನ್ ಒಳಗೆ ಕಾಲಿಡುವುದೇ ಇಲ್ಲ. ಹಿಂದಿನಿಂದ ಜಾಲರಿಯೊಳಗೆ ಕೈ ತೂರಿಸಿ ಒಂದೊಂದೇ ಕಾಳು ಎತ್ತುತ್ತದೆ!

ನಿಜವಾಗಿ ಕೆಲಸ ಮಾಡಿದ್ದು ನೆಲಕ್ಕೆ ನೆಡುವ ಕೊಳವೆ ಟ್ರ್ಯಾಪ್. ಕಿರಿದಾದ ಬಾಯಿ, ತಳದಲ್ಲಿ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಿಹಿ. ಅದನ್ನು ಹಿಡಿದು ಎಳೆದರೆ ಕೈ ಸಿಕ್ಕಿಕೊಳ್ಳುತ್ತದೆ. ಹೀಗೆ ಕೈ ಹಾಕಿ ಹಿಡಿದು ಎಳೆಯುವುದು ರಕೂನ್‌ನ ಬುದ್ಧಿ, ನಾಯಿಯ ಕಾಲು ಸಾಮಾನ್ಯವಾಗಿ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮೀನಿನ ವಾಸನೆಯ ಆಹಾರ ಇಡಲಿಲ್ಲ, ಪಕ್ಕದ ಮನೆಯ ಬೆಕ್ಕುಗಳ ಭಯ. ಹತ್ತು ದಿನದಲ್ಲಿ ಐದು ಬಿದ್ದವು. ದಿನಾ ಬೆಳಗ್ಗೆ ಹೋಗಿ ನೋಡಲೇಬೇಕು, ಅದೊಂದು ಕಷ್ಟ.

ಹಿಡಿದು ದೂರ ಬಿಟ್ಟು ಬಾ ಅಂದವರಿಗೆ: ಇಲ್ಲ. ರೇಬೀಸ್ ಭಯ ಬೇರೆ, ನಮ್ಮ ತಲೆನೋವನ್ನು ಇನ್ನೊಬ್ಬರ ಜಮೀನಿಗೆ ಸಾಗಿಸಿದ ಹಾಗೆ ಅಲ್ವಾ?

ಫೀಡರ್ ಕೆಳಗೆ ಕಾಳು ಚೆಲ್ಲುವ ತಟ್ಟೆಯನ್ನು ರಕೂನ್‌ಗಳು ಕೈಯಿಂದಲೇ ತಿರುಗಿಸುತ್ತಿದ್ದವು. ಅದಕ್ಕೆ ಕಬ್ಬಿಣದ ಪಂಜರ ಹಾಕಿಸಿದೆ. ಜೋಳದ ಖರ್ಚು ಈಗ ಅರ್ಧ. ಮೊದಲೇ ಹಾಕಿಸಬೇಕಿತ್ತು.

ಆ ದಪ್ಪ ಹೆಣ್ಣು ಇನ್ನೂ ಸಿಕ್ಕಿಲ್ಲ. ನಿನ್ನೆ ರಾತ್ರಿ ಬಂದು, ಪಂಜರವನ್ನು ಎರಡು ಸುತ್ತು ತಡವಿ, ಇಳಿದು ಹೋಗಿದೆ.